ಬಳೆಯ ಅಳತೆ, ಚಕ್ರದ ಅಳತೆ

ಈಚಿನ ವರ್ಷಗಳಲ್ಲಿ ನಮ್ಮ ಪಟ್ಟಣಗಳ ರಸ್ತೆಗಳಲ್ಲಿ ಒಂದು ಬಗೆಯ ಕಾರು ಕಾಣಸಿಗುತ್ತಿದೆ. ಕಾವಿಗೆ ಕೂತ ಕೋಳಿಯ ಹಾಗೆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡಿರುತ್ತದೆ. ಚಕ್ರಗಳು ಮಾತ್ರ ದೊಡ್ಡವು, ಥಳಥಳ ಹೊಳೆಯುವಂಥವು. ಅವುಗಳ ಸುತ್ತಲಿನ ರಬ್ಬರು ಸಣ್ಣಂಚಿನ ಸೀರೆಯ ಅಂಚಿನಷ್ಟು ತೆಳು. ಹುಡುಗರು ಇದನ್ನು 'ಲೋ ಮಾಡಿಸಿದ ಗಾಡಿ' ಎನ್ನುತ್ತಾರೆ. ನಮ್ಮಂಥವರು 'ಹುಡುಗು ಬುದ್ಧಿ' ಎಂದು ಮುಖ ತಿರುಗಿಸಿ ಸುಮ್ಮನಾಗುತ್ತೇವೆ. ಆದರೆ ಸುಮ್ಮನಾಗಿಬಿಡುವುದು ವಿಮರ್ಶೆಯಲ್ಲ. ಒಂದು ಸೀರೆಯನ್ನೋ ರಂಗೋಲಿಯನ್ನೋ ಮುಂದಿಟ್ಟುಕೊಂಡು ಇಲ್ಲಿ ಚೆಂದ, ಇಲ್ಲಿ ಕೆಟ್ಟಿದೆ ಎಂದು ಗಂಟೆಗಟ್ಟಲೆ ಮಾತಾಡುವ ನಾವು ಒಂದು ಕಾರಿನ ಬಗ್ಗೆಯೂ ಹಾಗೆ ಮಾತಾಡಬಹುದು. ಅದನ್ನು ಓಡಿಸುವ ಹೆಂಗಸರು ಈಗ ಎಷ್ಟೋ ಮಂದಿ. ಓಡಿಸದವರು ಹಿಂದಿನ ಸೀಟಿನಲ್ಲಿ ಕೂರುವವರು. ಹೇಗಿದ್ದರೂ ಇದು ನಮಗೆ ಸಂಬಂಧಿಸಿದ್ದೇ.

ಮೊದಲು ಒಪ್ಪಬೇಕಾದ್ದನ್ನು ಒಪ್ಪಿಬಿಡೋಣ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಟೈರಿಗೂ ಅದರ ಮೇಲಿನ ಮಡ್‌ಗಾರ್ಡಿನ ಕಮಾನಿಗೂ ನಡುವೆ ಒಂದು ಸಂದು ಇರುತ್ತದೆ. ಗುಂಡಿಗೆ ಬಿದ್ದ ಚಕ್ರ ಮೇಲೇಳಲು, ಸ್ಟೀರಿಂಗ್ ತಿರುಗಿಸಿದಾಗ ಹೊರಳಲು ಬಿಟ್ಟ ಜಾಗ ಅದು. ಆದರೆ ಕಣ್ಣಿಗೆ ಅದು ತೋಳು ಸಡಿಲವಾದ ರವಿಕೆಯ ಹಾಗೆ ಕಾಣುತ್ತದೆ. ಕಾರನ್ನು ಒಂದಿಷ್ಟು ತಗ್ಗಿಸಿದರೆ ಸಂದು ಮುಚ್ಚುತ್ತದೆ, ಚಕ್ರ ಕಮಾನಿಗೆ ಅಚ್ಚುಕಟ್ಟಾಗಿ ಕೂರುತ್ತದೆ, ಇಡೀ ಗಾಡಿಗೆ ಒಂದು ಬಿಗಿ ಬರುತ್ತದೆ. ಭಾರ ನೆಲಕ್ಕೆ ಹತ್ತಿರವಾದ್ದರಿಂದ ತಿರುವಿನಲ್ಲಿ ವಾಲುವುದೂ ಕಡಿಮೆಯಾಗುತ್ತದೆ. ಇದನ್ನು ಚೆಂದ ಎನ್ನುವ ಹುಡುಗನ ಕಣ್ಣು ಕೆಟ್ಟಿಲ್ಲ.

ಈ ಶೋಕಿ ಇವತ್ತಿನದಲ್ಲ, ನಮ್ಮಲ್ಲಿ ಹುಟ್ಟಿದ್ದೂ ಅಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೋ ಮೂಲದ ಕುಟುಂಬಗಳ ಹುಡುಗರು ಹಳೆಯ ಕಾರುಗಳನ್ನು ಕೊಂಡು ತಗ್ಗಿಸತೊಡಗಿದರು. ಅಲ್ಲಿ ಬೇರೆಯವರು ಕಾರನ್ನು ವೇಗಕ್ಕಾಗಿ ತಿದ್ದುತ್ತಿದ್ದಾಗ ಇವರು ನಿಧಾನಕ್ಕಾಗಿ ತಿದ್ದಿದರು. ತೇರಿನ ಹಾಗೆ ಮೆಲ್ಲಗೆ ಸಾಗಬೇಕು, ದಾರಿಯಲ್ಲಿ ನಿಂತವರು ಕಣ್ತುಂಬ ನೋಡಬೇಕು, ಅಷ್ಟೇ ಉದ್ದೇಶ. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇಳಿಯಬಾರದೆಂದು 1958ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾಯಿದೆ ಬಂತು. 1959ರಲ್ಲಿ ರಾನ್ ಅಗೀರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಜೋಡಿಸಿದ. ಬೇಕಾದಾಗ ಕಾರು ತಗ್ಗುತ್ತಿತ್ತು, ಬೇಕಾದಾಗ ಎದ್ದು ನಿಲ್ಲುತ್ತಿತ್ತು. ಆ ಪರಂಪರೆಯಲ್ಲಿ ಜೆಸ್ಸಿ ವಾಲಡೇಜ್ ಮಾಡಿಸಿದ 'ಜಿಪ್ಸಿ ರೋಸ್' ಎಂಬ ಕಾರು ಬಹಳ ಹೆಸರಾದದ್ದು. 1964ರ ಶೆವರ್ಲೆ ಇಂಪಾಲಾ ಕಾರಿನ ಮೈತುಂಬ ಗುಲಾಬಿ ಹೂಗಳ ಚಿತ್ತಾರ. 2017ರಲ್ಲಿ ಅದು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ಪಟ್ಟಿಗೇ ಸೇರಿತು. ಆ 1958ರ ಕಟ್ಟುಪಾಡನ್ನೂ 2024ರ ಜನವರಿಯಿಂದ ತೆಗೆದುಹಾಕಿದ್ದಾರೆ.

ಅವರ ಚಕ್ರಗಳನ್ನು ಗಮನಿಸಬೇಕು. ಇಂಪಾಲಾಗೆ ಕಂಪನಿ ಕೊಟ್ಟದ್ದು 14 ಇಂಚಿನ ಚಕ್ರ. ಲೋ ರೈಡರ್‌ಗಳು ಅದನ್ನು ತೆಗೆದು 13 ಇಂಚಿನ ತಂತಿ ಕಡ್ಡಿಯ ಚಕ್ರ ಹಾಕುವುದು ವಾಡಿಕೆ. ಮೈ ತಗ್ಗಿದರೆ ಚಕ್ರವೂ ಸಣ್ಣದಾಗಬೇಕು, ಆಗ ಒಳಗೆ ಹೊರಳಲು ಜಾಗ ಉಳಿಯುತ್ತದೆ. ಈ ಕಲೆಯ ಒಳಗೇ ಒಂದು ವಿವೇಕವಿದೆ. ನಮ್ಮಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಮೈಯನ್ನು ತಗ್ಗಿಸುತ್ತಾರೆ, ಚಕ್ರವನ್ನು ಹಿಗ್ಗಿಸುತ್ತಾರೆ, ಆಮೇಲೆ ವೇಗವಾಗಿ ಓಡಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ.

ಟೈರಿನ ಅಳತೆ ಗಂಡಸರ ವಿದ್ಯೆ ಎಂದು ಹೆದರಬೇಕಾಗಿಲ್ಲ. ಬಳೆ ಕೊಂಡವರಿಗೆ ಇದು ಅರ್ಧ ಗೊತ್ತಿರುವ ವಿಷಯವೇ. 2-4, 2-6 ಎಂದು ಬಳೆಗಾರ ಹೇಳುವುದು ಬಳೆಯ ಒಳಗಿನ ಅಡ್ಡಳತೆ. ಬಳೆ ತೆಳುವಾದರೂ ದಪ್ಪವಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಟೈರಿನ ಮೇಲೆ 185/65 ಆರ್ 15 ಎಂದಿದ್ದರೆ ಕೊನೆಯ 15 ಎಂಬುದೂ ಹಾಗೆಯೇ, ಅದು ಒಳಗಿನ ರಿಮ್ಮಿನ ಇಂಚು. 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಎತ್ತರದ ರಬ್ಬರು ರಿಮ್ಮಿನ ಸುತ್ತ ಇದೆ ಎಂದರ್ಥ. ರಿಮ್ಮಿನ ಅಡ್ಡಳತೆಗೆ ಮೇಲೊಂದು ಕೆಳಗೊಂದು ಪಾಲು ರಬ್ಬರು ಕೂಡಿಸಿದರೆ ಇಡೀ ಚಕ್ರದ ಎತ್ತರ ಸಿಗುತ್ತದೆ. ಇಲ್ಲಿ ಅದು 621 ಮಿಲಿಮೀಟರಿಗೆ ತುಸು ಹೆಚ್ಚು.

2018ರಲ್ಲಿ ಬಂದ ಮಾರುತಿ ಸ್ವಿಫ್ಟ್ ಕಾರನ್ನೇ ನೋಡಿ. ಕಡಿಮೆ ಬೆಲೆಯದಕ್ಕೆ 165/80 ಆರ್ 14 ಟೈರು, ಹೆಚ್ಚಿನದಕ್ಕೆ 185/65 ಆರ್ 15. ಸಂಖ್ಯೆಗಳು ಬೇರೆಬೇರೆ, ಆದರೆ ಲೆಕ್ಕ ಹಾಕಿದರೆ ಎರಡು ಚಕ್ರಗಳ ಎತ್ತರದಲ್ಲಿ ಇರುವ ವ್ಯತ್ಯಾಸ ಎರಡೇ ಮಿಲಿಮೀಟರು. ರಿಮ್ಮು ಒಂದು ಇಂಚು ದೊಡ್ಡದಾದಾಗ ರಬ್ಬರು ಅಷ್ಟೇ ತೆಳುವಾಗಬೇಕೆಂಬುದು ಇದರ ಹಿಂದಿನ ಲೆಕ್ಕ. ಈ ಲೆಕ್ಕವನ್ನು ಮುಂದುವರಿಸಿದರೆ 195/55 ಆರ್ 16 ಕೂಡ ಹತ್ತಿರಹತ್ತಿರ ಅದೇ ಎತ್ತರ ಕೊಡುತ್ತದೆ, 205/45 ಆರ್ 17 ಐದು ಮಿಲಿಮೀಟರು ಕಡಿಮೆ. ಹೀಗಾಗಿ 17 ಇಂಚು ಹಾಕಿದವನು 'ಎತ್ತರ ಅಷ್ಟೇ ಇದೆಯಲ್ಲ' ಎಂದು ವಾದಿಸಬಹುದು. ಎತ್ತರವೇನೋ ಅಷ್ಟೇ ಇದೆ, ಆದರೆ ಗುಂಡಿಯ ಏಟನ್ನು ನುಂಗುವ ರಬ್ಬರು 120 ಮಿಲಿಮೀಟರಿನಿಂದ 92ಕ್ಕೆ ಇಳಿದಿದೆ. ಉಳಿದ ಏಟು ರಿಮ್ಮಿಗೆ, ಆಮೇಲೆ ನಮ್ಮ ಸೊಂಟಕ್ಕೆ.

ಅಳತೆಯ ಪಕ್ಕದಲ್ಲೇ ಇನ್ನೊಂದು ಸಣ್ಣ ಸಂಖ್ಯೆ ಇರುತ್ತದೆ, ಅದನ್ನು ನೋಡುವವರು ಕಡಿಮೆ. ಒಂದು ಟೈರು ಎಷ್ಟು ಭಾರ ಹೊರಬಲ್ಲದು ಎಂಬ ಗುರುತು ಅದು. 88 ಎಂದಿದ್ದರೆ 560 ಕೆ.ಜಿ., 84 ಎಂದರೆ 500, 82 ಎಂದರೆ 475. ತಗ್ಗಿದ ಕಾರಿಗೆ ಹುಡುಗರು ಮೆಚ್ಚಿ ಹಾಕುವ 195/50 ಆರ್ 15 ಟೈರು ಸಾಮಾನ್ಯವಾಗಿ ಈ 82ರದ್ದು. ಅಗಲ ಹೆಚ್ಚಾಯಿತು, ನೋಟ ಗಟ್ಟಿಯಾಯಿತು, ಹೊರುವ ಶಕ್ತಿ ಮಾತ್ರ ಕಡಿಮೆಯಾಯಿತು. ಮೇಲೆ ಥಳುಕು, ಒಳಗೆ ಹುಳುಕು ಎನ್ನುವುದು ಇದಕ್ಕೇ. ಕಂಪನಿ ಕೊಟ್ಟ ಟೈರಿನ ಮೇಲೆ ಇದ್ದ ಆ ಸಂಖ್ಯೆಗಿಂತ ಹೊಸದರ ಸಂಖ್ಯೆ ಕಡಿಮೆ ಇರಬಾರದು. ಅಂಗಡಿಯಲ್ಲಿ ಇದೊಂದನ್ನು ಕೇಳಿದರೆ ಸಾಕು, ನಮ್ಮ ಮಾತಿಗೆ ಬೆಲೆ ಬರುತ್ತದೆ.

ಇನ್ನು ಅಗಲದ ವಿಚಾರ. ಐದೂವರೆ ಇಂಚು ಅಗಲದ ರಿಮ್ಮು ತೆಗೆದು ಏಳು ಇಂಚಿನದು ಹಾಕಿದರೆ ಒಳಕ್ಕೆ 19 ಮಿಲಿಮೀಟರು, ಹೊರಕ್ಕೆ 19 ಮಿಲಿಮೀಟರು ಚಾಚುತ್ತದೆ. ರಿಮ್ಮಿನ ನಡುಗೆರೆಗೂ ಅದನ್ನು ನಟ್ಟು ಹಾಕಿ ಕೂರಿಸುವ ಜಾಗಕ್ಕೂ ಇರುವ ಅಂತರಕ್ಕೆ 'ಆಫ್‌ಸೆಟ್' ಎನ್ನುತ್ತಾರೆ. ಅದು 45ರಿಂದ 35ಕ್ಕೆ ಇಳಿದರೆ ಇಡೀ ಚಕ್ರ ಇನ್ನೂ ಹತ್ತು ಮಿಲಿಮೀಟರು ಹೊರಗೆ ಸರಿದು, ಒಟ್ಟು 29 ಮಿಲಿಮೀಟರು ಆಚೆ ಬರುತ್ತದೆ. ಹೊರಗೆ ಬಂದರೆ ಮಡ್‌ಗಾರ್ಡಿನ ಅಂಚು, ಒಳಗೆ ಹೋದರೆ ಶಾಕ್ ಅಬ್ಸಾರ್ಬರ್. ತಗ್ಗಿಸದ ಕಾರಿನಲ್ಲಿ ಹೇಗೋ ಸಾಗಿಹೋಗುವ ಈ ಅಗಲ, ತಗ್ಗಿಸಿದ ಕಾರಿನಲ್ಲಿ ತಾಗಿಯೇ ತಾಗುತ್ತದೆ. ಮೇಲೇಳಲು ಇದ್ದ ಸಂದನ್ನು ಚೆಂದಕ್ಕೆಂದು ಆಗಲೇ ಖರ್ಚು ಮಾಡಿ ಆಗಿದೆಯಲ್ಲ!

ಬಳೆಗಾರ ಬಳೆಯ ಅಳತೆಯನ್ನು ಮಣಿಕಟ್ಟಿಗೆ ತೆಗೆಯುವುದಿಲ್ಲ. ಅಂಗೈಯನ್ನು ಮಡಿಸಿ, ಗೆಣ್ಣುಗಳನ್ನು ಒತ್ತಿ ನೋಡುತ್ತಾನೆ. ಬಳೆ ಕೊನೆಗೆ ಕೂರುವುದು ಮಣಿಕಟ್ಟಿನಲ್ಲಾದರೂ ದಾಟಬೇಕಾದದ್ದು ಗೆಣ್ಣುಗಳನ್ನು. ಚಕ್ರದ ಅಳತೆಯೂ ಹೀಗೆಯೇ. ಅಂಗಡಿಯ ಮುಂದೆ ಖಾಲಿ ನಿಂತ ಕಾರು ಮಣಿಕಟ್ಟು. ಐದು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಚಕ್ರ ಗುಂಡಿಗಿಳಿದ ಗಳಿಗೆಯೇ ಗೆಣ್ಣು. ಅಲ್ಲಿ ದಾಟಿದರೆ ಮಾತ್ರ ಅಳತೆ ಸರಿ.

ನನ್ನ ತಂಗಿಯ ಮಗನ ಕಾರಿನಲ್ಲಿ ನಾವು ಐದು ಜನ ಅರಸೀಕೆರೆಗೆ ಮದುವೆಗೆ ಹೋದಾಗ ಪ್ರತಿ ತಿರುವಿನಲ್ಲೂ ಹಿಂದಿನಿಂದ ಕರ್ ಕರ್ ಎಂದು ಸದ್ದು. ಏನಪ್ಪಾ ಇದು ಎಂದರೆ, "ದೊಡ್ಡಮ್ಮ, ಐದು ಜನ ಕೂತಿದ್ದೀವಲ್ಲ ಅದಕ್ಕೆ ಹಾಗೆ. ನಾನೊಬ್ಬನೇ ಇದ್ದರೆ ಏನೂ ಆಗಲ್ಲ" ಎಂದ. "ಹಾಗಾದರೆ ತಪ್ಪು ಕೂತವರದ್ದು ಅನ್ನು" ಎಂದೆ. ಅವನು ನಕ್ಕುಬಿಟ್ಟ. ಆದರೆ ಈ ಶೋಕಿಯ ದೋಷವೆಲ್ಲ ಆ ಒಂದು ಮಾತಿನಲ್ಲೇ ಇದೆ ಎಂದು ನನಗನ್ನಿಸುತ್ತದೆ. ಅದರ ಚೆಂದದೊಳಗೆ ಓಡಿಸುವವನೊಬ್ಬನಿಗೆ ಮಾತ್ರ ಜಾಗ. ಮಿಕ್ಕವರು ಕೂತರೆ ಅಳತೆ ಕೆಡುತ್ತದೆ.

ನಮ್ಮ ರಸ್ತೆಯ ಹಂಪುಗಳ ಲೆಕ್ಕವನ್ನೂ ಇದಕ್ಕೆ ಸೇರಿಸಿ. ಅದೇ ಸ್ವಿಫ್ಟ್‌ನ ಹೊಟ್ಟೆ ನೆಲದಿಂದ 163 ಮಿಲಿಮೀಟರು ಮೇಲಿದೆ. 195/50 ಆರ್ 15 ಟೈರು ಹಾಕಿದರೆ ಚಕ್ರ 45 ಮಿಲಿಮೀಟರು ಗಿಡ್ಡವಾಗಿ, ಕಾರು ಅದರ ಅರ್ಧ, ಅಂದರೆ ಸುಮಾರು 23 ಮಿಲಿಮೀಟರು ಕೆಳಗೆ ಬರುತ್ತದೆ. ಸ್ಪ್ರಿಂಗನ್ನು ಮುಟ್ಟದೆಯೇ ಇಷ್ಟು. ಮೀಟರಿನ ಮುಳ್ಳೂ ಸುಳ್ಳು ಹೇಳತೊಡಗುತ್ತದೆ. ಮೊದಲು ಸರಿಯಾಗಿದ್ದ ಮುಳ್ಳು ಈಗ 80 ತೋರಿಸುವಾಗ ನಿಜವಾದ ವೇಗ ಸುಮಾರು 74. ಮೇಲೆ 40 ಮಿಲಿಮೀಟರು ಗಿಡ್ಡ ಸ್ಪ್ರಿಂಗು ಹಾಕಿಸಿದರೆ ಉಳಿಯುವುದು 100 ಮಿಲಿಮೀಟರು, ಅದೂ ಖಾಲಿ ಕಾರಿನಲ್ಲಿ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಎತ್ತರವೂ ಸರಿಯಾಗಿ ಅಷ್ಟೇ, ಹತ್ತು ಸೆಂಟಿಮೀಟರು. ಆದರೆ ಆ ಹಂಪಿನ ಅಗಲ 3.7 ಮೀಟರು, ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ. ಕಾರಿನ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 2.45 ಮೀಟರು. ಹಂಪಿನ ನೆತ್ತಿ ಕಾರಿನ ನಡುವಿಗೆ ಬಂದಾಗ ಚಕ್ರಗಳೂ ಅದರ ಇಳಿಜಾರಿನ ಮೇಲೇ ಇರುವುದರಿಂದ ಹೊಟ್ಟೆಯ ಕೆಳಗೆ ಕಳೆದುಹೋಗುವ ಜಾಗ ನಾಲ್ಕೂವರೆ ಸೆಂಟಿಮೀಟರು ಮಾತ್ರ. ಆದರೆ ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಹಂಪು ಹೀಗಿರುತ್ತದೆಯೇ? ಅದು ಮೊರದಷ್ಟು ಅಗಲ, ಒರಳಿನಷ್ಟು ಎತ್ತರ. ಚಕ್ರ ದಾಟಿ ಕೆಳಗಿಳಿದ ಮೇಲೆ ಅದರ ಪೂರಾ ಎತ್ತರ ಕಾರಿನ ಹೊಟ್ಟೆಗೆ ಎದುರಾಗುತ್ತದೆ. ಆಗ ಹಿಂದಿನ ಸೀಟಿನವರನ್ನು ಇಳಿಸಿ, ಕಾರನ್ನು ಓರೆಯಾಗಿ ಹತ್ತಿಸುವ ದೃಶ್ಯವನ್ನು ನೀವೂ ನೋಡಿರುತ್ತೀರಿ. ಮೊಣಕಾಲು ನೋವಿನ ಅತ್ತೆ, ಬಸುರಿ ಸೊಸೆ ಬಿಸಿಲಲ್ಲಿ ಇಳಿದು ನಿಲ್ಲಬೇಕಾದರೆ ಅದು ಯಾರ ವಾಹನ?

ಖರ್ಚು ಉಳಿಸಲು ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ತಗ್ಗಿಸುವವರಿದ್ದಾರೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಕತ್ತರಿಸಿದ ಸ್ಪ್ರಿಂಗು ತನ್ನ ಜಾಗದಲ್ಲಿ ಭದ್ರವಾಗಿ ಕೂರದೆ ಸರಿಯಬಹುದು. ಬಹಳ ತಗ್ಗಿಸಿದ ಕಾರುಗಳಲ್ಲಿ ಚಕ್ರಗಳು ಮೇಲ್ಭಾಗದಲ್ಲಿ ಒಳಕ್ಕೆ ವಾಲುವುದುಂಟು, ಆಗ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ಹೊಸದರಂತೆ ಕಾಣುವ ಟೈರು ಒಳಗೆ ತಂತಿ ಬಿಟ್ಟಿರುತ್ತದೆ. ಕಾನೂನಿನ ಮಾತೂ ಇದೆ. ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಒತ್ತಿ ಹೇಳಿತು.

ಹಾಗಾದರೆ ಹುಡುಗರು ಶೋಕಿ ಮಾಡಲೇಬಾರದೇ ಎಂದು ಕೇಳಬಹುದು. ಮಾಡಲಿ. ಕಂಪನಿಯೇ ಅದೇ ಮಾದರಿಗೆ ಕೊಡುವ ದೊಡ್ಡ ಅಳತೆಯವರೆಗೆ ಹೋಗಲಿ, ಅಲ್ಲಿಯೂ ಬೇಕಾದಷ್ಟು ಚೆಂದವಿದೆ. ಅದಕ್ಕಿಂತ ಮುಂದೆ ಹೋಗುವ ಚೆಂದ ನಿಂತ ಕಾರಿನದು, ಫೋಟೋದಲ್ಲಿನ ಖಾಲಿ ಕಾರಿನದು. ಲಾಸ್ ಏಂಜಲೀಸಿನವರು ಕಾರನ್ನು ತಗ್ಗಿಸಿದ ಹಾಗೆಯೇ ಎತ್ತುವುದನ್ನೂ ಕಲಿತರು, ಚಕ್ರವನ್ನು ಸಣ್ಣದು ಮಾಡಿದರು, ನಿಧಾನವಾಗಿ ಹೋದರು. ಅವರ ಚೆಂದ ರಸ್ತೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ನಮ್ಮದು ರಸ್ತೆಯನ್ನೂ ಮರೆತಿದೆ, ಮನೆಯವರನ್ನೂ ಮರೆತಿದೆ.

ನಿಮ್ಮ ಮನೆಯ ಹುಡುಗ ಹೊಸ ಚಕ್ರದ ಮಾತೆತ್ತಿದರೆ ಬೈಯಬೇಡಿ. ಟೈರ್ ಅಂಗಡಿಗೆ ನೀವೂ ಹೊರಡಿ, ಮನೆಯವರನ್ನೂ ಕರೆದುಕೊಳ್ಳಿ. ಹೊಸ ಚಕ್ರ ಹಾಕಿದ ಮೇಲೆ, ದುಡ್ಡು ಕೊಡುವುದಕ್ಕೆ ಮುಂಚೆ, ಎಲ್ಲರೂ ಕಾರಿನಲ್ಲಿ ಕೂತುಕೊಳ್ಳಿ. ಮುಂದಿನ ಒಂದು ಚಕ್ರವನ್ನು ಫುಟ್‌ಪಾತಿನ ಅಂಚಿನಷ್ಟು ಎತ್ತರಕ್ಕೆ ಹತ್ತಿಸಿ, ಸ್ಟೀರಿಂಗನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಲು ಹೇಳಿ. ಎಲ್ಲಿಯೂ ಸದ್ದಿಲ್ಲದಿದ್ದರೆ ಅಳತೆ ಸರಿ ಇದೆ. ಸದ್ದು ಬಂದರೆ ನೀವು ಇಳಿಯಬೇಡಿ, ಚಕ್ರವನ್ನು ಇಳಿಸಲು ಹೇಳಿ.