ಕ್ಷಮಿಸು ಎನ್ನುವ ನಾಯಕ

ಹಗುರವಾದ ಪ್ರಣಯ ಕಾದಂಬರಿಗಳ ವಿಚಾರದಲ್ಲಿ ನಮ್ಮ ವಿಮರ್ಶಕರು ಎರಡು ಬಗೆಯ ಧೋರಣೆ ತಳೆಯುವುದುಂಟು. ಅವು ಇಲ್ಲವೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಒಂದು. ಇವೆಯೆಂದು ಒಪ್ಪಿಕೊಂಡು ಮೂಗು ಮುರಿಯುವುದು ಇನ್ನೊಂದು. ಬಹುಕಾಲ ನಾನು ಎರಡನೆಯ ಪಂಗಡಕ್ಕೆ ಸೇರಿದ್ದೆ. ಎಂ.ಎ. ಮಾಡಿ ಪಂಪ ರನ್ನರ ಪಾಠ ಹೇಳುವವನಿಗೆ ಮೂಗು ಮುರಿಯುವುದು ವೃತ್ತಿಧರ್ಮದ ಒಂದು ಅಂಗವೆಂದೇ ತೋರುತ್ತದೆ. ಆದರೆ ನಾನು ಬೆಳೆದದ್ದು ಈ ಕಾದಂಬರಿಗಳ ನಡುವೆಯೇ. ನಮ್ಮ ತಾಯಿ ವಾರಕ್ಕೆ ಎರಡು ಸಲ ಬೀದಿಯ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಗೆ ನನ್ನನ್ನು ಅಟ್ಟುತ್ತಿದ್ದರು. ದಪ್ಪ ರಟ್ಟು ಹಾಕಿಸಿ, ಸಾಲಿನ ಮೊದಲ ಅಕ್ಷರಗಳು ಹೊಲಿಗೆಯೊಳಗೆ ಸೇರಿಹೋದ ಪುಸ್ತಕಗಳು ಅವು. ಓದಿದ್ದನ್ನೇ ಮತ್ತೆ ತರಬಾರದೆಂದು ವಾಚಕರು ಒಳಪುಟದಲ್ಲಿ ತಮ್ಮದೊಂದು ಗುರುತು ಹಾಕಿಡುತ್ತಿದ್ದರು. ನಮ್ಮ ತಾಯಿಯದು ಒಂದು ಪುಟ್ಟ ನಕ್ಷತ್ರ. ನಕ್ಷತ್ರವಿರುವ ಪುಸ್ತಕವನ್ನು ತಂದೆನೆಂದರೆ ಬಿಸಿಲಿನಲ್ಲಿ ಮತ್ತೊಮ್ಮೆ ಹೋಗಿಬರಬೇಕಾಗುತ್ತಿತ್ತು.

ಆ ಲೈಬ್ರರಿ ಮುಚ್ಚಿ ಬಹಳ ವರ್ಷಗಳಾದುವು. ಅದರ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಮಾಡುವ ಅಂಗಡಿ ಇದೆ. ಇದರಲ್ಲಿ ಒಂದು ಔಚಿತ್ಯವೂ ಉಂಟು. ಅಂದು ಅಲ್ಲಿ ಬಾಡಿಗೆಗೆ ಸಿಗುತ್ತಿದ್ದ ಸರಕು ಇಂದು ಮೊಬೈಲಿನೊಳಗೇ ಸಿಗುತ್ತದೆ. ಕಳೆದ ವರ್ಷ ಎರಡನೆಯ ಬಿ.ಎ. ತರಗತಿಯಲ್ಲಿ ರಾಘವಾಂಕನ ಹರಿಶ್ಚಂದ್ರಕಾವ್ಯವನ್ನು ಓದಿಸುತ್ತಿದ್ದೆ. ಚಂದ್ರಮತಿ ಮಗನ ಶವದ ಮುಂದೆ ಗೋಳಿಡುವ ಭಾಗ. ಮೂರನೆಯ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳ ಕಣ್ಣಲ್ಲಿ ನೀರು ತುಂಬಿತ್ತು. ರಾಘವಾಂಕನ ವಾಣಿ ಇಂದಿಗೂ ಸತ್ತಿಲ್ಲವೆಂದು ಒಳಗೇ ಹಿಗ್ಗಿದೆ. ಹತ್ತಿರ ಹೋದಾಗ ತಿಳಿಯಿತು: ಮೇಜಿನ ಕೆಳಗೆ ಮೊಬೈಲು!

"ಏನಮ್ಮ ಇದು?" ಎಂದೆ.

"ಕಾದಂಬರಿ, ಸಾರ್," ಎಂದಳು ತಲೆ ತಗ್ಗಿಸಿ.

ಗದರಿಸುವ ಬದಲು ಹೆಸರು ಕೇಳಿಕೊಂಡು, ಆ ರಾತ್ರಿ ಕುಳಿತು ಅಷ್ಟನ್ನೂ ಓದಿದೆ. ಕಥೆಯನ್ನು ಹೇಳುವುದು ಸುಲಭ. ನಾಯಕಿ ಸಣ್ಣ ಊರಿನ ಬ್ಯಾಂಕಿನಲ್ಲಿ ಗುಮಾಸ್ತೆ. ನಾಯಕ ದೊಡ್ಡದೊಂದು ಕಂಪನಿಯ ಒಡೆಯ. ಅವಳು ತನ್ನ ಚಿಕ್ಕಪ್ಪನ ಮಗನೊಡನೆ ಹೋಟೆಲಿನಲ್ಲಿ ಕುಳಿತಿರುವುದನ್ನು ಅವನು ಕಾಣುತ್ತಾನೆ, ತಪ್ಪು ತಿಳಿಯುತ್ತಾನೆ, ನಾಲ್ಕು ಜನರ ಮುಂದೆ ಅವಮಾನ ಮಾಡುತ್ತಾನೆ. ಆಮೇಲೆ ಇಪ್ಪತ್ತು ಅಧ್ಯಾಯಗಳ ವಿರಹ. ಕಡೆಗೆ ಒಂದು ಕಾಗದದಿಂದ ನಿಜ ಹೊರಬೀಳುತ್ತದೆ. ನಾಯಕ ಅವಳ ಮನೆಗೆ ಬಂದು, ತಂದೆ ತಾಯಿಗಳ ಎದುರಿನಲ್ಲಿ, ಕೈಜೋಡಿಸಿ ಕ್ಷಮೆ ಬೇಡುತ್ತಾನೆ. ಮಧ್ಯೆ ಮಧ್ಯೆ ಕಥೆ ಮುಂದೆ ಸಾಗದೆ ನಿಂತಾಗಲೆಲ್ಲ ಯಾರಾದರೊಬ್ಬರು ಕಾಫಿ ತರುತ್ತಾರೆ. (ಈ ಕಾಫಿ ಮಾತ್ರ ನಮ್ಮ ಹಗುರ ಕಾದಂಬರಿಯಲ್ಲಿ ಅಂದಿನಿಂದ ಇಂದಿನವರೆಗೆ ಬದಲಾಗದೆ ಉಳಿದಿರುವ ವಸ್ತು.)

ಮರುದಿನ ಆ ಹುಡುಗಿಯನ್ನು ಕರೆದು, "ಹನ್ನೆರಡನೆಯ ಅಧ್ಯಾಯದಲ್ಲಿ ಯಾರಾದರೂ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ನಿನ್ನ ಕಾದಂಬರಿ ಅಲ್ಲಿಗೇ ಮುಗಿಯುತ್ತಿತ್ತಲ್ಲ" ಎಂದೆ. ಗೆದ್ದೆನೆಂಬ ಭಾವನೆ ನನ್ನದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ನಮಗೂ ಗೊತ್ತು, ಸಾರ್. ಆದರೆ ಅವನು ಎಲ್ಲರ ಮುಂದೆ ನನ್ನದು ತಪ್ಪಾಯ್ತು ಅಂತಾನಲ್ಲ, ಅದನ್ನ ಓದೋದಕ್ಕೇ ಅಷ್ಟು ದೂರ ಬರ್ತೀವಿ. ನಮ್ಮ ಮನೇಲಿ ಗಂಡಸರು ಹಾಗೆ ಅಂದದ್ದನ್ನ ನಾನು ಒಂದು ಸಲವೂ ಕೇಳಿಲ್ಲ."

ನಾನು ಉತ್ತರ ಕೊಡಲಾರದೆ ಹೋದೆ. ಈ ಪುಸ್ತಕಗಳ ವಾಚಕಿಯರು ಕಾರಿಗಾಗಿ, ಬಂಗಲೆಗಾಗಿ, ಆರಡಿ ಎತ್ತರದ ನಾಯಕನಿಗಾಗಿ ಓದುತ್ತಾರೆಂದು ನಾವೆಲ್ಲ ಬರೆದಿದ್ದೇವೆ. ಅವರು ಬಯಸುವುದು ಇಷ್ಟು ಸಣ್ಣದನ್ನು ಎಂದು ನನಗೆ ಹೊಳೆದಿರಲಿಲ್ಲ. ಸಣ್ಣದೆಂದೆನೇ? ದುರ್ಲಭವಾದದ್ದನ್ನು ಎನ್ನಬೇಕಾಗಿತ್ತು.

ಆ ರಜೆಯಲ್ಲಿ ಹಳೆಯ ಪುಸ್ತಕಗಳನ್ನೂ ಹೊಸತಾಗಿ ಬಂದವನ್ನೂ ರಾಶಿ ಹಾಕಿಕೊಂಡು ಕುಳಿತೆ. ಓದುತ್ತ ಹೋದಂತೆ ಕಂಡದ್ದು ಇದು: ಹೊಸ ಕಾದಂಬರಿಗಳಲ್ಲಿ ಬಹುಪಾಲು ಕ್ಷಮಾಪಣೆಯ ಸನ್ನಿವೇಶದ ಕಡೆಗೇ ನಡೆಯುತ್ತವೆ, ಆದರೆ ಅಲ್ಲಿಗೆ ಬಂದಾಗ ಕ್ಷಮಿಸಬೇಕಾದ ತಪ್ಪೇ ಇರುವುದಿಲ್ಲ. ನಾಯಕ ಕ್ರೂರನಾಗಿ ನಡೆದುಕೊಂಡದ್ದು ನಿಜ. ಆದರೆ ಅದು ಅವನ ಸ್ವಭಾವವಲ್ಲ, ತಪ್ಪು ತಿಳಿವಳಿಕೆ. ಯಾರೋ ಚಾಡಿ ಹೇಳಿದರು, ಕಾಗದ ಕೈ ತಪ್ಪಿತು, ಫೋನು ಬೇರೆಯವರು ಎತ್ತಿಕೊಂಡರು. ನಿಜ ತಿಳಿದ ಕ್ಷಣವೇ ಅವನು ಚಿನ್ನ. ಹೀಗಾಗಿ ಅವನ ಕ್ಷಮೆಯಾಚನೆಗೆ ಅವನೇನೂ ಬೆಲೆ ತೆರಬೇಕಾಗಿಲ್ಲ. ಅವಳ ಕ್ಷಮೆಗೂ ತೂಕವಿಲ್ಲ.

ಈ ಉಪಾಯ ನಿನ್ನೆ ಮೊನ್ನೆಯದಲ್ಲ. ಮಹಾಭಾರತದ ಆದಿಪರ್ವದ ಶಕುಂತಲೆಯ ಕಥೆಯಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ತುಂಬಿದ ಸಭೆಯಲ್ಲಿ ಅವಳನ್ನು ಅರಿಯೆನೆನ್ನುತ್ತಾನೆ. ಅವಳು ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಟುವಾಗಿ ವಾದಿಸುತ್ತಾಳೆ. ಕಡೆಗೆ ಅಶರೀರವಾಣಿಯಾದ ಮೇಲೆ, ಜನ ಸಂಶಯಪಡಬಾರದೆಂದು ಹಾಗೆ ಮಾಡಿದೆನೆಂದು ಹೇಳಿ ರಾಜ ಅವಳನ್ನು ಸ್ವೀಕರಿಸುತ್ತಾನೆ. ವಿನೋದವೆಂದರೆ, ಅಲ್ಲಿ ಕ್ಷಮಿಸುವವನು ರಾಜನೇ! ಕೋಪದಲ್ಲಿ ಅವಳಾಡಿದ ಬಿರುನುಡಿಗಳನ್ನು ತಾನು ಕ್ಷಮಿಸಿದ್ದೇನೆ ಎನ್ನುತ್ತಾನೆ. ಕಾಳಿದಾಸನಿಗೆ ಇದು ಒಪ್ಪಿಗೆಯಾಗಿರಲಾರದು. ಅವನು ದೂರ್ವಾಸನನ್ನು ತಂದ, ಉಂಗುರವನ್ನು ತಂದ, ಏಳನೆಯ ಅಂಕದಲ್ಲಿ ರಾಜನನ್ನು ಶಕುಂತಲೆಯ ಕಾಲಿಗೆ ಬೀಳಿಸಿದ. ಆದರೆ ರಾಜ ಕಾಲಿಗೆ ಬೀಳಬೇಕಾದರೆ ಮೊದಲು ಅವನ ತಪ್ಪನ್ನು ಶಾಪದ ತಲೆಗೆ ಕಟ್ಟಬೇಕಾಯಿತು. ಕಾಳಿದಾಸನ ಕಾವ್ಯಶಕ್ತಿಯ ಮುಂದೆ ನಾವು ಅದನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಶಾಪ ಅಲ್ಲಿ ಇಡೀ ನಾಟಕಕ್ಕೆ ಮರೆವು ನೆನಪುಗಳ ಒಂದು ಅರ್ಥವನ್ನೇ ಕೊಟ್ಟಿದೆ. ಇಂದಿನ ಕಾದಂಬರಿಕಾರರು ಮಾತ್ರ ದೂರ್ವಾಸನನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಟ್ಟಿದ್ದಾರೆ.

ಇದಕ್ಕೆ ಬರೆಯುವವರನ್ನೇ ದೂರುವುದು ನ್ಯಾಯವಲ್ಲ. ಪ್ರಕಟಣೆಯ ರೀತಿಯೂ ಇದರಲ್ಲಿ ಪಾಲುಗಾರ. ವಾರಪತ್ರಿಕೆಯ ಧಾರಾವಾಹಿಗೆ ವಾರಕ್ಕೊಂದು ಕುತೂಹಲ ಸಾಕಾಗುತ್ತಿತ್ತು. ಮೊಬೈಲಿನ ಧಾರಾವಾಹಿಗೆ ದಿನಕ್ಕೊಂದು ಬೇಕು. ಸ್ವಭಾವದಿಂದ ಹುಟ್ಟುವ ತೊಡಕು ದಿನಕ್ಕೊಂದು ಗಂಟು ಹಾಕಿಕೊಳ್ಳುವುದಿಲ್ಲ. ತಪ್ಪು ತಿಳಿವಳಿಕೆಯನ್ನಾದರೋ ಹಿಟ್ಟಿನಂತೆ ಎಷ್ಟು ಬೇಕಾದರೂ ಲಟ್ಟಿಸಬಹುದು. ಭಾಷೆಯ ಮಾತನ್ನು ನಾನು ಹೆಚ್ಚು ಎತ್ತುವುದಿಲ್ಲ. ಅವಸರದಲ್ಲಿ ಬರೆದದ್ದು ಅವಸರದ ಹಾಗೆಯೇ ಇರುತ್ತದೆ.

ಹಗುರ ಕಾದಂಬರಿ ಹೀಗೆಯೇ ಇರಬೇಕು, ಬೇರೆ ದಾರಿಯಿಲ್ಲ ಎನ್ನುವವರು ತ್ರಿವೇಣಿಯವರನ್ನು ಮತ್ತೆ ಓದಬೇಕು. 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ಈಕೆ ಮನಶ್ಶಾಸ್ತ್ರ ಓದಿದವರು. ಸುಮಾರು ಇಪ್ಪತ್ತು ಕಾದಂಬರಿ ಬರೆದವರು. ಸರ್ಕ್ಯುಲೇಟಿಂಗ್ ಲೈಬ್ರರಿಯ ವಾಚಕಿಯರೇ ಅವರ ವಾಚಕಿಯರು. 'ಅಡುಗೆಮನೆಯ ಸಾಹಿತ್ಯ' ಎಂಬ ಮೂದಲಿಕೆ ಇಂಥ ಲೇಖಕಿಯರನ್ನು ಕುರಿತೇ ಹುಟ್ಟಿದ್ದು. 'ಬೆಳ್ಳಿಮೋಡ'ವನ್ನು ತೆಗೆದುಕೊಳ್ಳಿ. ಸಾಮಗ್ರಿಯೆಲ್ಲ ಪ್ರಣಯ ಕಾದಂಬರಿಯದೇ: ಶ್ರೀಮಂತರ ಒಬ್ಬಳೇ ಮಗಳು ಇಂದಿರಾ, ವಿದೇಶಕ್ಕೆ ಓದಲು ಹೋಗುವ ಮೋಹನ, ನಿಶ್ಚಿತಾರ್ಥ, ಕಾಯುವಿಕೆ. ಅಷ್ಟರಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ. ಆಸ್ತಿಯ ಆಸೆ ಕರಗಿತೆಂದು ಮೋಹನ ಹಿಂದೆ ಸರಿಯುತ್ತಾನೆ. ಇಲ್ಲಿ ಚಾಡಿಯಿಲ್ಲ, ಕೈತಪ್ಪಿದ ಕಾಗದವಿಲ್ಲ, ದೂರ್ವಾಸನಿಲ್ಲ. ಅವನು ಲೆಕ್ಕ ಹಾಕಿದ. ಲೆಕ್ಕ ತಾಳೆಯಾಗಲಿಲ್ಲ, ಅಷ್ಟೆ. ಮುಂದೆ ಅವಳ ಶುಶ್ರೂಷೆಯಿಂದ ಮನಸ್ಸು ತಿರುಗಿ ಅವನೇ ಮತ್ತೆ ಅವಳನ್ನು ಬಯಸಿದಾಗ ಇಂದಿರಾ ಬೇಡವೆನ್ನುತ್ತಾಳೆ.

ಈ 'ಬೇಡ'ವನ್ನು ನಮ್ಮ ತಾಯಿಯ ವಯಸ್ಸಿನವರು ಓದಿ, 1967ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದಾಗ ನೋಡಿ, ಮತ್ತೆ ಮತ್ತೆ ಮಾತಾಡಿಕೊಂಡರು. ಪಾಪ, ಅವನು ಪಶ್ಚಾತ್ತಾಪ ಪಟ್ಟನಲ್ಲ, ಒಪ್ಪಿಕೊಳ್ಳಬಾರದಿತ್ತೆ ಎಂದು ನಮ್ಮ ಮನೆಯಲ್ಲೇ ಸೋದರತ್ತೆಗೂ ತಾಯಿಗೂ ವಾಗ್ವಾದ ನಡೆದದ್ದು ನನಗೆ ನೆನಪಿದೆ. ಕಾದಂಬರಿ ಬಂದು ಎಷ್ಟೋ ವರ್ಷಗಳ ಮೇಲೆ ಅಡುಗೆಮನೆಯಲ್ಲಿ ಜಗಳ ಹಚ್ಚಬಲ್ಲ ಸಾಹಿತ್ಯವನ್ನು ಅಡುಗೆಮನೆಯ ಸಾಹಿತ್ಯವೆಂದರೆ ಅದು ಹೊಗಳಿಕೆಯೇ ಸರಿ.

'ಶರಪಂಜರ'ದಲ್ಲಿ ಅವರು ಇನ್ನೂ ಮುಂದೆ ಹೋದರು. ಬಾಣಂತನದಲ್ಲಿ ಬುದ್ಧಿಭ್ರಮಣೆಯಾಗಿ ಆಸ್ಪತ್ರೆ ಸೇರಿದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ. ಅವಳಿಗೆ ಗುಣವಾಗಿದೆಯೆಂಬುದನ್ನು ವೈದ್ಯರು ಒಪ್ಪಿದರೂ ಮನೆಯವರು ಒಪ್ಪುವುದಿಲ್ಲ. ಗಂಡನ ಬಾಯಿಂದ ಬರಬೇಕಾದ ಒಂದು ಮಾತಿಗಾಗಿ ಇಡೀ ಕಾದಂಬರಿ ಕಾಯುತ್ತದೆ. ಆ ಮಾತು ಬರುವುದಿಲ್ಲ. ಮೇಜಿನ ಕೆಳಗೆ ಮೊಬೈಲು ಹಿಡಿದು ನನ್ನ ವಿದ್ಯಾರ್ಥಿನಿ ಓದುತ್ತಿದ್ದ ಕನಸಿನ ಇನ್ನೊಂದು ಮಗ್ಗುಲು ಇದು.

'ವಾಣಿ'ಯವರ 'ಎರಡು ಕನಸು' ಇಷ್ಟು ನಿಷ್ಠುರವಲ್ಲ. 1974ರ ಸಿನಿಮಾದಿಂದ ಎಲ್ಲರಿಗೂ ತಿಳಿದ ಕಥೆ. ಪ್ರೀತಿಸಿದವಳನ್ನು ಮದುವೆಯಾಗಲಾರದೆ, ಮದುವೆಯಾದವಳನ್ನು ಪ್ರೀತಿಸಲಾರದೆ ನರಳುವ ಗಂಡ ಕೊನೆಗೆ ಹೆಂಡತಿಯ ಕಡೆಗೆ ತಿರುಗುತ್ತಾನೆ. ಇಲ್ಲಿ ತಪ್ಪು ನಿಜವಾದದ್ದು, ಪಶ್ಚಾತ್ತಾಪವೂ ನಿಜವಾದದ್ದು. ಅಷ್ಟು ದಿನ ಕಾದ ಹೆಂಡತಿ ಮನಸ್ಸಿನಲ್ಲಿ ಏನೆಂದುಕೊಂಡಳು ಎಂಬುದು ಮಾತ್ರ ನನ್ನನ್ನು ಕಾಡುವ ಪ್ರಶ್ನೆ. ಆದರೂ ಇದು ಒಳ್ಳೆಯ ಹಗುರ ಕಾದಂಬರಿಯ ಮಾದರಿ. ಸುಖಾಂತವಾಗಿರುವುದು ದೋಷವೆಂದು ನಾನು ಎಂದೂ ಹೇಳಲಾರೆ. ಜೇನ್ ಆಸ್ಟಿನ್ ತನ್ನ 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಡಾರ್ಸಿಯನ್ನು ಮೊದಲು ತಿರಸ್ಕಾರಕ್ಕೆ ಗುರಿಮಾಡಿ, ಆಮೇಲೆ ಅವನು ಯಾರಿಗೂ ಹೇಳದೆ ನಾಯಕಿಯ ತಂಗಿಯ ಮಾನ ಉಳಿಸುವಂತೆ ಮಾಡುತ್ತಾಳೆ. ಮಾತಿನ ಕ್ಷಮೆಯ ಮೊದಲು ನಡತೆಯ ಕ್ಷಮೆ. ಲಂಡನ್ನಿನಲ್ಲಿ 1908ರಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದ ಪುಸ್ತಕಗಳು ನಮ್ಮ ಫುಟ್‌ಪಾತುಗಳ ಮೇಲೆ ಎಷ್ಟು ಬಿದ್ದಿವೆಯೋ ಲೆಕ್ಕವಿಲ್ಲ. ಅವುಗಳಲ್ಲಿ ಎಷ್ಟೋ ನಾಯಕರು ಡಾರ್ಸಿಯ ಗರ್ವವನ್ನು ಪಡೆದವರು, ಆ ನಡತೆಯನ್ನು ಪಡೆಯದವರು.

ಹಾಗಾದರೆ ಗಂಭೀರ ಕಾದಂಬರಿಗಳ ಸಮಾಚಾರವೇನು? ಅವುಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿದೆ. ಎಸ್. ಎಲ್. ಭೈರಪ್ಪನವರ 'ವಂಶವೃಕ್ಷ'ದ (1965) ಕಾತ್ಯಾಯಿನಿ, ವಿಧವೆ, ತಾನು ಬಯಸಿದವನನ್ನು ಮದುವೆಯಾಗುತ್ತಾಳೆ. ಮಗನನ್ನು ಬಿಟ್ಟುಕೊಡಬೇಕಾಗುತ್ತದೆ, ಗರ್ಭಗಳು ನಿಲ್ಲುವುದಿಲ್ಲ, ಕಡೆಗೆ ತೀರಿಕೊಳ್ಳುತ್ತಾಳೆ. ಮಹತ್ವದ ಕಾದಂಬರಿ, ಸಂದೇಹವಿಲ್ಲ. ಶ್ರೋತ್ರಿಗಳ ಪಾತ್ರವನ್ನು ಪಾಠ ಮಾಡುವಾಗ ನನ್ನ ಗಂಟಲು ಇಂದಿಗೂ ಕಟ್ಟುತ್ತದೆ. ಆದರೆ ಹೆಣ್ಣು ಸತ್ತುಹೋದರೆ ಯಾರೂ ಅವಳ ಕ್ಷಮೆ ಕೇಳಬೇಕಾಗಿ ಬರುವುದಿಲ್ಲವಲ್ಲ ಎಂಬ ಸಂಶಯ ಈ ಸಲದ ಓದಿನಲ್ಲಿ ಮೊದಲ ಬಾರಿಗೆ ನನಗೆ ಬಂತು. ಹಗುರ ಕಾದಂಬರಿಯಾದರೂ ಅವಳನ್ನು ಬದುಕಿಸಿಟ್ಟಿರುತ್ತದೆ.

ಎರಡು ಕಪಾಟುಗಳ ನಡುವಿನ ಗೋಡೆಯನ್ನು ಕೆಡವಿದವರು ಎಂ. ಕೆ. ಇಂದಿರಾ ಎಂದು ನನಗೆ ತೋರುತ್ತದೆ. ನಲವತ್ತು ದಾಟಿದ ಮೇಲೆ ಬರೆಯತೊಡಗಿ, ಲೈಬ್ರರಿಯ ವಾಚಕಿಯರ ಮೆಚ್ಚಿನ ಲೇಖಕಿಯಾಗಿದ್ದ ಅವರು 1976ರಲ್ಲಿ 'ಫಣಿಯಮ್ಮ'ವನ್ನು ಕೊಟ್ಟರು. ಅದರಲ್ಲಿ ಪ್ರಣಯವಿಲ್ಲ, ಇರಲು ಸಾಧ್ಯವೂ ಇಲ್ಲ. ಸಂಸಾರವೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾದವಳ ಕಥೆ. ಅವಳ ಕ್ಷಮೆ ಕೇಳಬೇಕಾದವನು ಒಬ್ಬ ಗಂಡಸಲ್ಲ, ಇಡೀ ಊರು. ಊರು ಕೇಳುವುದಿಲ್ಲ. ತಲೆ ಬೋಳಿಸಿಕೊಳ್ಳಲೊಲ್ಲೆನೆಂದು ಹಟ ಹಿಡಿದ ಇನ್ನೊಬ್ಬ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ಮುದುಕಿ ಫಣಿಯಮ್ಮ ನಿಲ್ಲುವಾಗ, ಯಾರೂ ಕೇಳದ ಆ ಕ್ಷಮೆಯನ್ನು ಅವಳು ಹೇಗೋ ತಾನೇ ತುಂಬಿಕೊಡುತ್ತಾಳೆ. ಒಂದು ಮಾತನ್ನೂ ದನಿಯೇರಿಸಿ ಬರೆದಿಲ್ಲ. ನಮ್ಮ ತಾಯಿ ತಮ್ಮ ಪ್ರತಿಯಲ್ಲಿ ನಕ್ಷತ್ರ ಹಾಕಿರಲಿಲ್ಲ. ಅದನ್ನು ಕೊಂಡೇ ಇಟ್ಟುಕೊಂಡಿದ್ದರು.

ರಜೆ ಮುಗಿದ ಮೇಲೆ ಆ ವಿದ್ಯಾರ್ಥಿನಿಗೆ 'ಬೆಳ್ಳಿಮೋಡ'ವನ್ನು ಕೊಟ್ಟೆ. ಮೂರು ದಿನಕ್ಕೆ ಹಿಂದಕ್ಕೆ ತಂದಳು.

"ಹೇಗಿತ್ತಮ್ಮ?"

"ಚೆನ್ನಾಗಿದೆ, ಸಾರ್. ಬೇಡ ಅಂದಿದ್ದು ಸರಿ. ಆದರೆ ನನಗೆ ಕೋಪ ಬಂತು."

"ಮೋಹನನ ಮೇಲೆಯೆ?"

"ಅಲ್ಲ, ಸಾರ್. ಬೇಡ ಅಂದ ಮೇಲೆ ಅವಳು ಏನು ಮಾಡಿದಳು, ಹೇಗೆ ಬದುಕಿದಳು ಅನ್ನೋದನ್ನ ಬರೆಯದೇ ನಿಲ್ಲಿಸಿಬಿಟ್ಟಿದ್ದಾರೆ. ನಾವು ಓದಬೇಕಾದದ್ದು ಅಲ್ಲಿಂದ ಮುಂದಕ್ಕೆ ತಾನೆ?"

'ಶರಪಂಜರ' ಕೊಡಿ ಎಂದು ಅವಳೇ ಕೇಳಿದಳು. ಪರೀಕ್ಷೆಗೆ ಎರಡು ವಾರ ಮಾತ್ರ ಉಳಿದಿತ್ತು. ಹರಿಶ್ಚಂದ್ರಕಾವ್ಯ ಮುಗಿಸಿಕೊಂಡು ಬಾ ಎಂದು ಹೇಳಬೇಕೆಂದುಕೊಂಡವನು, ಹೇಳದೆ, ಪುಸ್ತಕವನ್ನು ಚೀಲದಿಂದ ತೆಗೆದು ಕೊಟ್ಟೆ.