ಪಾಳುಮನೆಗೆ ಬಣ್ಣದ ಚುಕ್ಕೆ

ಪಾಳುಬಿದ್ದ ಕಟ್ಟಡದ ಚೆಂದದ ಫೋಟೋ ಕಂಡರೆ ನಾವು ಮೆಚ್ಚಿ ತಲೆದೂಗುತ್ತೇವೆ. ಅಲ್ಲಿ ಯಾರಿದ್ದರು, ಏಕೆ ಬಿಟ್ಟು ಹೋದರು ಎಂದು ಕೇಳುವುದಿಲ್ಲ.

ಅಮೆರಿಕದ ಡೆಟ್ರಾಯಿಟ್ ಈ ಪ್ರಶ್ನೆಗೆ ತಕ್ಕ ಊರು. ಕಾರು ಕಾರ್ಖಾನೆಗಳಿಂದ ಬೆಳೆದ ಈ ನಗರದಲ್ಲಿ 1950ರಲ್ಲಿ ಸುಮಾರು 18.5 ಲಕ್ಷ ಜನರಿದ್ದರು. 2010ರಲ್ಲಿ ಉಳಿದವರು ಸುಮಾರು 7.14 ಲಕ್ಷ. ಕಾರ್ಖಾನೆಗಳು ಬೇರೆಡೆಗೆ ಹೋದವು. ಬಿಳಿಯರು ಉಪನಗರಗಳಿಗೆ ಹೊರಟರು. ಆ ಉಪನಗರಗಳ ಬಾಗಿಲು ಕಪ್ಪು ವರ್ಣೀಯರಿಗೆ ಬಹುಕಾಲ ಮುಚ್ಚಿಯೇ ಇತ್ತು.

ಫ್ರಾನ್ಸಿನ ಈವ್ ಮಾರ್ಷಾಂ ಮತ್ತು ರೊಮೇನ್ ಮೆಫ್ರ್ ಇಲ್ಲಿನ ಅವಶೇಷಗಳ ಫೋಟೋಗಳನ್ನು 2010ರಲ್ಲಿ ಪುಸ್ತಕವಾಗಿ ತಂದರು. ಶಾಲೆಯ ಗೋಡೆಯಲ್ಲಿ ಕರಗಿ ಜೋತುಬಿದ್ದ ಗಡಿಯಾರ, ಹೋಟೆಲಿನ ಸಭಾಂಗಣದಲ್ಲಿ ಮಗುಚಿದ ಪಿಯಾನೋ. ಬೆಳಕೂ ಬಣ್ಣವೂ ಮನ ಸೆಳೆಯುತ್ತವೆ. ಆದರೆ ಹೆಚ್ಚಿನ ಚಿತ್ರಗಳಲ್ಲಿ ಮನುಷ್ಯರೇ ಇಲ್ಲ. ಏಳು ಲಕ್ಷ ಜನರು ಬದುಕುತ್ತಿದ್ದ ಊರು ಸತ್ತ ನಾಗರಿಕತೆಯಂತೆ ಕಾಣುತ್ತದೆ. ನಮ್ಮ ತಕರಾರು ಇರುವುದು ಇಲ್ಲಿಯೇ.

ಅದೇ ಊರಿನ ಟೈರಿ ಗೈಟನ್ ಹಿಡಿದ ದಾರಿ ಬೇರೆ. ಹೈಡಲ್‌ಬರ್ಗ್ ಬೀದಿಯಲ್ಲಿ ಬೆಳೆದ ಅವರು 1986ರಲ್ಲಿ ಅಜ್ಜ ಸ್ಯಾಮ್ ಮ್ಯಾಕಿಯವರೊಂದಿಗೆ ಪೊರಕೆ ಹಿಡಿದು ಖಾಲಿ ನಿವೇಶನಗಳನ್ನು ಗುಡಿಸಿದರು. ಬಳಿಕ ಪಾಳುಮನೆಗಳಿಗೆ ಬಣ್ಣದ ಚುಕ್ಕೆಗಳನ್ನಿಟ್ಟರು. ಎಸೆದ ಗೊಂಬೆ, ಸವೆದ ಬೂಟುಗಳನ್ನು ಗೋಡೆ-ಮರಗಳಿಗೆ ತೂಗುಹಾಕಿದರು. ಈ ಬೂಟುಗಳು ಅಲ್ಲಿ ನಡೆದಾಡಿದವರನ್ನು ನೆನಪಿಸುತ್ತವೆ. ಚಿತ್ರಗಳಲ್ಲಿ ಕಾಣೆಯಾದ ಮನುಷ್ಯ ಇಲ್ಲಿ ಮರಳಿ ಬರುತ್ತಾನೆ.

ನಗರಾಡಳಿತ ಏನು ಮಾಡಿತು? 1991ರಲ್ಲಿ, ಮತ್ತೆ 1999ರಲ್ಲಿ ಇದರ ಭಾಗಗಳನ್ನು ಕೆಡವಿತು. ಊರಿನಲ್ಲಿ ಸಾವಿರಾರು ಪಾಳುಮನೆಗಳು ಹಾಗೆಯೇ ನಿಂತಿದ್ದವು. ಬುಲ್ಡೋಜರ್ ಬಂದದ್ದು ಬಣ್ಣ ಬಳಿದ ಮನೆಗಳಿಗೆ. ನಿರ್ಲಕ್ಷ್ಯವನ್ನು ಸಹಿಸಿಕೊಂಡ ವ್ಯವಸ್ಥೆಗೆ ಅದನ್ನು ಬೊಟ್ಟು ಮಾಡಿ ತೋರಿಸಿದ್ದು ಸಹನೆಯಾಗಲಿಲ್ಲ. 'ಅಚ್ಚುಕಟ್ಟು ನಗರ' ಎಂಬ ಆದರ್ಶ ಯಾರನ್ನು ಮರೆಮಾಡಲು ಎಂದು ಈ ಚುಕ್ಕೆಗಳು ಕೇಳಿದ್ದವು.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಕೆಡವಬೇಕೆಂದವರಲ್ಲಿ ನೆರೆಹೊರೆಯವರೂ ಇದ್ದರು. ಮನೆ ಮುಂದೆ ಹಳೆಯ ಸಾಮಾನುಗಳ ರಾಶಿ, ಅದನ್ನು ನೋಡಲು ದಿನವೂ ಬರುವ ಅಪರಿಚಿತರು: ಅವರ ಬೇಸರ ಸುಳ್ಳಲ್ಲ. ಬಡವರ ಬೀದಿ ಪ್ರವಾಸಿಗರಿಗೆ ನೋಟವಾಗುವ ಅಪಾಯದಿಂದ ಗೈಟನ್ ಕಲೆಯೂ ಪೂರ್ತಿ ಪಾರಾಗಿಲ್ಲ. ಆದರೂ ಅವರು ಅದೇ ಬೀದಿಯಲ್ಲಿ ನಿಂತು ದೂರುಗಳಿಗೆ ಮುಖ ಕೊಟ್ಟರು.

2013-14ರಲ್ಲಿ ಕಿಡಿಗೇಡಿಗಳ ಬೆಂಕಿಗೆ ಹಲವು ಮನೆಗಳು ಸುಟ್ಟುಹೋದವು. 2016ರಲ್ಲಿ ಗೈಟನ್ ತಾವೇ ಇದನ್ನು ಹಂತಹಂತವಾಗಿ ಕಳಚುವುದಾಗಿ ಹೇಳಿದರು. ಪಾಳಿನಲ್ಲಿ ಚೆಲುವು ಕಾಣುವುದು ತಪ್ಪಲ್ಲ. ಆದರೆ ಆ ಚೆಲುವು ನಮ್ಮ ಕೈಗೆ ಕ್ಯಾಮೆರಾ ಕೊಡುತ್ತದೆಯೋ, ಪೊರಕೆ ಕೊಡುತ್ತದೆಯೋ ಎಂಬುದನ್ನು ನಾವು ಕೇಳಿಕೊಳ್ಳಬೇಕು.