ಬೆಳದಿಂಗಳಿಗಿಂತ ಮಸಿ ಮೇಲು

ಚಿತ್ರಕಾರ ಚಿಯುರಾ ಒಬಾಟಾ ಎಂದಕೂಡಲೇ ಕ್ಯಾಲಿಫೋರ್ನಿಯಾದ ಕಲಾಸಕ್ತರಿಗೆ ನೆನಪಾಗುವುದು ಯೊಸೆಮಿಟಿಯ ಬೆಟ್ಟಗಳು. ಬಂಧನ ಶಿಬಿರ ಕಂಡರೂ ಮನಸ್ಸು ಕಹಿ ಮಾಡಿಕೊಳ್ಳದೆ ನಿಸರ್ಗದಲ್ಲಿ ನೆಮ್ಮದಿ ಕಂಡ ಜಪಾನಿ ವಲಸಿಗ ಎಂದು ಅವರನ್ನು ಕೊಂಡಾಡುವುದು ವಾಡಿಕೆ. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅವರ ಕೆಲಸ ಎಲ್ಲಿ ಸೊರಗುತ್ತದೆ ಎಂದು ಕೇಳಿದರೆ ನಾನು ಈ ನೆಮ್ಮದಿಯನ್ನೇ ತೋರಿಸುತ್ತೇನೆ.

1885ರಲ್ಲಿ ಒಕಾಯಾಮಾದಲ್ಲಿ ಹುಟ್ಟಿ ಸೆಂಡೈನಲ್ಲಿ ಬೆಳೆದ ಒಬಾಟಾ ಎಳವೆಯಲ್ಲೇ ಮಸಿ ಕುಂಚದ ಪಾಠ ಹೇಳಿಸಿಕೊಂಡವರು. 1903ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಮೂರು ವರ್ಷಕ್ಕೆ ಭೂಕಂಪ, ಹಿಂದೆಯೇ ಬೆಂಕಿ. ಅವಶೇಷಗಳ ನಡುವೆ ನಿಂತು ಅಲ್ಲಲ್ಲೇ ಚಿತ್ರ ಬರೆದರು. ಮಸಿಯ ಗೆರೆಯನ್ನು ತಿದ್ದುವಂತಿಲ್ಲ. ಕಾಗದ ಹೀರಿಕೊಂಡದ್ದೇ ಕೊನೆ. ಅವಸರದ ಸಾಕ್ಷ್ಯಕ್ಕೆ ಈ ವಿದ್ಯೆ ಹೇಳಿಮಾಡಿಸಿದಂತಿತ್ತು.

1927ರ ಬೇಸಿಗೆಯಲ್ಲಿ ಬರ್ಕ್ಲಿಯ ಕಲಾಶಿಕ್ಷಕ ವರ್ತ್ ರೈಡರ್ ಜೊತೆ ಯೊಸೆಮಿಟಿ ಮತ್ತು ಹೈ ಸಿಯೆರಾ ಸುತ್ತಿ ನೂರರಷ್ಟು ಚಿತ್ರ ಬರೆದರು. ಮರುವರ್ಷ ಜಪಾನಿಗೆ ಹೋದವರು ಆಯ್ದ ಚಿತ್ರಗಳನ್ನು ಟೋಕಿಯೊದಲ್ಲಿ ಮರದಚ್ಚಿಗೆ ಇಳಿಸಿದರು. 1930ರ ಹೊತ್ತಿಗೆ 35 ಅಚ್ಚುಗಳ ಮಾಲೆ ಸಿದ್ಧವಾಯಿತು. ಕೊರೆಯುವವರು ಬೇರೆ, ಅಚ್ಚೊತ್ತುವವರು ಬೇರೆ. ಒಂದು ಚಿತ್ರ ಮುಗಿಯಲು ಕಾಗದವನ್ನು ನೂರಕ್ಕೂ ಹೆಚ್ಚು ಸಲ ಹಲಗೆಯ ಮೇಲಿಟ್ಟು ಉಜ್ಜಬೇಕಾದದ್ದೂ ಉಂಟು. ಇಷ್ಟೆಲ್ಲ ಪಾಡು ಒದ್ದೆ ಕುಂಚದ ಜಾಡನ್ನು ಮರದಿಂದ ಹುಟ್ಟಿಸುವುದಕ್ಕೆ! ‘ಹೈ ಸಿಯೆರಾದ ಸರೋವರ ಕಣಿವೆ’ಯಲ್ಲಿ ಆ ದುಡಿಮೆ ಸಾರ್ಥಕವಾಗಿದೆ. ಪದರದ ಮೇಲೆ ಪದರ ಹಾಯ್ದು ದಟ್ಟವಾದ ನೀಲಿಯಲ್ಲಿ ನೀರಿನ ಆಳವೂ ಬೆಟ್ಟದ ಚಳಿಯೂ ಒಟ್ಟಿಗೆ ತಟ್ಟುತ್ತವೆ. ಜಲವರ್ಣಕ್ಕೆ ಇಷ್ಟು ತೂಕ ಬರುವುದು ಕಷ್ಟ. ಮಾಲೆಯ ಎಲ್ಲ ಅಚ್ಚುಗಳ ಬಗ್ಗೆ ಹೀಗೆ ಹೇಳಲಾರೆ. ಕೆಲವೆಡೆ, ಕುಂಚ ಒಂದೇ ಉಸಿರಿನಲ್ಲಿ ಮಾಡಿದ್ದನ್ನು ಹತ್ತಾರು ಕೈಗಳು ತಿಂಗಳುಗಟ್ಟಲೆ ನಟಿಸಿದಂತಿದೆ. ಕಸುಬಿಗೆ ಭೇಷ್ ಅನ್ನುತ್ತೇವೆ, ಬೆಟ್ಟ ಮರೆತುಹೋಗುತ್ತದೆ.

1932ರಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದ ಒಬಾಟಾ, ಹತ್ತು ವರ್ಷದ ನಂತರ, ಎರಡನೇ ಮಹಾಯುದ್ಧದ ನಡುವೆ, ಜಪಾನಿ ಮೂಲದವರನ್ನು ಶಿಬಿರಗಳಿಗೆ ಅಟ್ಟಿದ ಅಧ್ಯಕ್ಷ ರೂಸ್‌ವೆಲ್ಟರ ಆದೇಶದಂತೆ ಬಂಧಿಯಾದರು. ಮೊದಲು ಟಾನ್‌ಫೊರಾನ್ ಕುದುರೆ ರೇಸಿನ ಮೈದಾನ. ಕುದುರೆ ಕಟ್ಟುತ್ತಿದ್ದ ಲಾಯಗಳಲ್ಲಿ ಸಂಸಾರಗಳನ್ನು ತುಂಬಿದ್ದರು. ಅಲ್ಲಿ ಅವರು ತೆರೆದ ಕಲಾಶಾಲೆಗೆ ಆರುನೂರಕ್ಕೂ ಹೆಚ್ಚು ಮಂದಿ ಸೇರಿದರು. ಆಮೇಲೆ ಯೂಟಾದ ಮರುಭೂಮಿಯ ಟೋಪಾಜ್, ಅಲ್ಲಿಯೂ ಶಾಲೆ.

‘ಟೋಪಾಜ್‌ನ ಮೇಲೆ ಬೆಳದಿಂಗಳು’ ಅಲ್ಲಿ ರೇಷ್ಮೆಯ ಮೇಲೆ ಬರೆದದ್ದು, 1942ರದು. ಅದು ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟರಿಗೆ ಉಡುಗೊರೆಯಾಗಿ ಹೋಯಿತು. ಆದೇಶಕ್ಕೆ ಸಹಿ ಹಾಕಿದವರ ಮನೆಗೇ ಅನ್ನಿ. ಚಿತ್ರ ಸೊಗಸಾಗಿದೆ, ಅದೇ ತೊಡಕು. ಆಕಾಶದ ವಿಸ್ತಾರದೆದುರು ಬಿಡಾರಗಳು ಕಿರಿದಾಗಿ, ಯಾವುದೋ ದೂರದ ಹಳ್ಳಿಯಂತೆ ಕಾಣುತ್ತವೆ. ನೋಡಿದವರಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಇದು ಸೆರೆಯಾಳಿನ ಘನತೆ ಎನ್ನುವವರಿದ್ದಾರೆ; ನನಗೆ ಇದರಲ್ಲಿ ಸೌಜನ್ಯವೇ ಹೆಚ್ಚು ಕಾಣುತ್ತದೆ.

ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. 1943ರ ಏಪ್ರಿಲ್ 11ರಂದು ಟೋಪಾಜ್‌ನ ಬೇಲಿಯ ಬಳಿ ವಕಾಸಾ ಎಂಬ ವೃದ್ಧರನ್ನು ಕಾವಲು ಸೈನಿಕ ಗುಂಡಿಕ್ಕಿ ಕೊಂದ. ಒಬಾಟಾ ಅದನ್ನು ಮಸಿಯಲ್ಲಿ ಬರೆದರು. ಬಣ್ಣವಿಲ್ಲ, ಚಂದ್ರನಿಲ್ಲ, ಬೀಳುತ್ತಿರುವ ಒಂದು ದೇಹ. ಅವರು ಕಣ್ಣಾರೆ ಕಂಡು ಬರೆದದ್ದಲ್ಲ, ಆದರೂ ಭೂಕಂಪದ ದಿನಗಳ ಅದೇ ಚುರುಕು ಕೈಗೆ ಮರಳಿದೆ. ಇಲ್ಲಿ ನೆಲ ರಮ್ಯವೂ ಅಲ್ಲ, ಪವಿತ್ರವೂ ಅಲ್ಲ. ಮನುಷ್ಯ ಬೀಳುವ ಜಾಗ. ನಿಸರ್ಗಚಿತ್ರಕಾರನೊಬ್ಬ ನೆಲದ ಬಗ್ಗೆ ಹೇಳಬಹುದಾದ ಈ ಮಾತನ್ನು ಅವರ ಸಿಯೆರಾ ಮಾಲೆ ಎಲ್ಲೂ ಹೇಳಲಿಲ್ಲ.

ಅದೇ ವರ್ಷ ಶಿಬಿರದೊಳಗೇ ಅವರ ಮೇಲೆ ಹಲ್ಲೆಯಾಯಿತು. ಅಧಿಕಾರಿಗಳಿಗೆ ಹತ್ತಿರದವರು ಎಂಬ ಗುಮಾನಿ ಕೆಲವು ಸಹಬಂಧಿಗಳಿಗಿತ್ತು. ಟೋಪಾಜ್ ಬಿಟ್ಟು ಸೇಂಟ್ ಲೂಯಿಗೆ ಹೋದರು. 1945ರಲ್ಲಿ ಬರ್ಕ್ಲಿಯ ಕೆಲಸ ಮತ್ತೆ ಸಿಕ್ಕಿತು. ಜಪಾನಿ ವಲಸಿಗರಿಗೆ ಪೌರತ್ವದ ಬಾಗಿಲು ತೆರೆದದ್ದು 1952ರ ಕಾನೂನಿನಿಂದ. ಒಬಾಟಾ ಅಮೆರಿಕದ ಪ್ರಜೆಯಾದದ್ದು 1954ರಲ್ಲಿ, ನಿವೃತ್ತಿಯ ವರ್ಷ. ಅಂದರೆ ಮೆಚ್ಚುಗೆ ಗಳಿಸಿದ ಆ ಸಿಯೆರಾ ಚಿತ್ರಗಳನ್ನೆಲ್ಲ ಬರೆಯುವಾಗ ಆ ದೇಶ ಕಾನೂನಿನ ಪ್ರಕಾರ ಅವರದಾಗುವ ದಾರಿಯೇ ಇರಲಿಲ್ಲ. ಅಚ್ಚುಗಳಲ್ಲಿ ಮನುಷ್ಯರು ಅಪರೂಪವಾದದ್ದಕ್ಕೆ ಜಪಾನಿನ ಪರಂಪರೆಯೊಂದೇ ಕಾರಣ ಎನ್ನುವ ವಿಮರ್ಶಕರು ಈ ಇಸವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.